ಒರಟು ಇರಲಿ, ಲೆಕ್ಕ ತಪ್ಪದಿರಲಿ

ಪ್ರಿಯ ಲೇಖಕರೇ, ನಮಸ್ಕಾರ.

ನಿಮ್ಮ ಪತ್ತೇದಾರಿ ಕಾದಂಬರಿ ಪೂರ್ತಿ ಓದಿದೆ. 1972ರ ಕಾರವಾರ, ಮಾಜಾಳಿ ದಂಡೆಯಲ್ಲಿ ಇಳಿಯುವ ಕಳ್ಳಬಂಗಾರ, ಒಂದು ಕೊಲೆ, ಸಿರ್ಸಿಯಿಂದ ಘಟ್ಟ ಇಳಿದು ಬರುವ ಪತ್ತೇದಾರ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವಂಥದ್ದೂ ಅಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೂರರಿಂದ ಆರನೇ ಅಧ್ಯಾಯದವರೆಗೆ ಹಳೇ ಪಾಕೆಟ್ ಕಾದಂಬರಿಗಳ ಓಟ ನಿಮಗೆ ದಕ್ಕಿದೆ. ‘ಬಾಗಿಲು ಬಡಿಯಿತು. ಲಾಟೀನು ಆರಿತು. ಕತ್ತಲಲ್ಲಿ ಯಾರೋ ಕೆಮ್ಮಿದರು.’ ಇದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ. ಒರಟಾಗಿದೆ, ಹಾಗೇ ಇರಲಿ. ಕ್ರಿಯಾಪದಗಳೇ ಕೆಲಸ ಮಾಡುತ್ತಿವೆ. ಯಾರಿಗೆ ಏನನ್ನಿಸಿತು ಎಂದು ನೀವು ವಿವರಿಸಲು ಹೋಗಿಲ್ಲ.

ಏಳನೇ ಅಧ್ಯಾಯದಲ್ಲಿ ಕತೆ ಕೂತುಬಿಟ್ಟಿತು. ಹೆಣ ಸಿಕ್ಕ ಮೇಲೆ ಹನ್ನೊಂದು ಪುಟ ಪತ್ತೇದಾರನ ಬಾಲ್ಯ! ಅದರಲ್ಲಿ ಮುಂದೆ ಬೇಕಾಗುವ ಸಂಗತಿ ಒಂದೇ, ಅವನಿಗೆ ಎಡಗಿವಿ ಕೇಳುವುದಿಲ್ಲ. ಫೋನಿನ ದೃಶ್ಯದಲ್ಲಿ ಅವನು ರಿಸೀವರನ್ನು ಬಲಗಿವಿಗೆ ಬದಲಿಸಲಿ, ಸಾಕು. ಅಂದಹಾಗೆ, ಕಾರವಾರದಿಂದ ಬೆಂಗಳೂರಿಗೆ ಅವನು ನೇರ ಡಯಲ್ ಮಾಡುವಂತಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಲೈನಿನಲ್ಲಿ ಆಪರೇಟರ್ ಕೇಳಿಸಿಕೊಳ್ಳಬಹುದು ಎಂಬ ಭಯವೂ ನಿಮಗೆ ಪುಕ್ಕಟೆ ಸಿಗುತ್ತದೆ.

ಇನ್ನು ಲೆಕ್ಕ. ಭಾಷೆ ಒರಟಾಗಿದ್ದರೆ ಓದುಗ ಓಡುತ್ತಲೇ ಇರುತ್ತಾನೆ. ಲೆಕ್ಕ ತಪ್ಪಿದರೆ ಅಲ್ಲೇ ನಿಲ್ಲುತ್ತಾನೆ.

ಖಳನಾಯಕ 500 ಬಂಗಾರದ ಬಿಸ್ಕತ್ತು ಹೊತ್ತು ಕಾಳಿ ನದಿ ಈಜುತ್ತಾನೆ. ಹತ್ತು ತೊಲೆಯ ಬಿಸ್ಕತ್ತು ಒಂದಕ್ಕೆ 116.64 ಗ್ರಾಂ. ಅಂದರೆ 58 ಕಿಲೋಗಿಂತ ಹೆಚ್ಚು, ಒಬ್ಬ ಆಳಿನ ತೂಕ. ನೂರಕ್ಕೆ ಇಳಿಸಿ, ಹನ್ನೊಂದೂವರೆ ಕಿಲೋ ಮೇಲಾಗುತ್ತದೆ. ಅದನ್ನು ಅಂಗಿಯೊಳಗಿನ ಕ್ಯಾನ್ವಾಸ್ ಜಾಕೆಟ್ಟಿನ ಸಣ್ಣ ಸಣ್ಣ ಜೇಬುಗಳಲ್ಲಿ ಹೊಲಿಸಿ. ಈಜುವುದು ಬೇಡ, ನಡೆಯಲಿ. ಸೆಕೆಯಲ್ಲೂ ಗುಂಡಿ ಬಿಚ್ಚದ, ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ತಿಣುಕುವ ಮನುಷ್ಯ ಪತ್ತೇದಾರನ ಕಣ್ಣಿಗೆ ಬೀಳಲೇಬೇಕಲ್ಲ?

ಹತ್ತನೇ ಅಧ್ಯಾಯದಲ್ಲಿ ಅಂಬಾಸಿಡರ್ ಕಾರು ಕೋಡಿಬಾಗದಿಂದ ಆಚೆ ದಡದ ಸದಾಶಿವಗಡಕ್ಕೆ ಕಾಳಿ ಸೇತುವೆ ಮೇಲೆ ಹಾರಿಹೋಗುತ್ತದೆ. ಆಗ ಸೇತುವೆ ಎಲ್ಲಿತ್ತು? 2024ರ ಆಗಸ್ಟ್‌ನಲ್ಲಿ ಕುಸಿಯಿತಲ್ಲ, ಆ ಹಳೇ ಸೇತುವೆ ಕೂಡ ಬಂದದ್ದು ಎಂಬತ್ತರ ದಶಕದಲ್ಲಿ. ನಿಮ್ಮ ಕತೆಯ ಕಾಲಕ್ಕೆ ತಾರಿಯಲ್ಲೇ, ಅಂದರೆ ನದಿ ದಾಟಿಸುವ ಲಾಂಚಿನಲ್ಲೇ, ದಾಟಬೇಕು. ಇದು ನಿಮ್ಮ ಅದೃಷ್ಟ. ಬೆನ್ನಟ್ಟಿ ಬಂದವನೂ ತಪ್ಪಿಸಿಕೊಂಡವನೂ ಒಂದೇ ಲಾಂಚಿನಲ್ಲಿ, ಮೀನುಬುಟ್ಟಿಗಳ ನಡುವೆ, ದಡ ಬರುವ ತನಕ ಅಲುಗಾಡದೆ ನಿಲ್ಲಬೇಕು. ಕಾರಿನ ಓಟಕ್ಕಿಂತ ಇದು ಹತ್ತು ಪಟ್ಟು ಬಿಗಿ.

ಜುಲೈ ತಿಂಗಳಲ್ಲಿ ಮಾಲು ಇಳಿಸಿದ್ದೀರಿ. ಆಷಾಢದ ಕಡಲಿಗೆ ನಾಡದೋಣಿ ಯಾರು ಇಳಿಸುತ್ತಾರೆ? ದೀಪಾವಳಿ ಅಮಾವಾಸ್ಯೆಗೆ ತನ್ನಿ. ಕತ್ತಲೆಯೂ ಆಯಿತು, ಪಟಾಕಿಯಲ್ಲಿ ಗುಂಡಿನ ಸದ್ದೂ ಅಡಗಿತು. ಅಮಾವಾಸ್ಯೆಯಾಗಿ ಮೂರನೇ ದಿನ ನಡುರಾತ್ರಿ ‘ಬೆಳದಿಂಗಳು ಕಾಳಿಯ ಮೇಲೆ ಬೆಳ್ಳಿ ಸೆರಗು ಹಾಸಿತ್ತು’ ಎಂದಿದ್ದೀರಿ. ಆ ಚಂದ್ರ ಒಂಬತ್ತರೊಳಗೆ ಮುಳುಗಿರುತ್ತದೆ. ಸಾಲನ್ನೇ ತೆಗೆಯಿರಿ. ಸಿರ್ಸಿಯಿಂದ ಜಾವಾ ಬೈಕಿನಲ್ಲಿ ಒಂದು ತಾಸಿಗೆ ಕಾರವಾರ ಮುಟ್ಟುವುದೂ ಆಗದ ಮಾತು. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೇ ಅರವತ್ತು ಕಿಲೋಮೀಟರ್ ಇದೆ.

ಮಾಜಾಳಿಯ ದೋಣಿಯವರು ಬೆಂಗಳೂರು ಕನ್ನಡ ಆಡುವುದು ಬೇಡ. ಅವರವರಲ್ಲಿ ಕೊಂಕಣಿ ಬರಲಿ, ಎರಡು ಮೂರು ಮಾತು ಸಾಕು.

ಹದಿನಾಲ್ಕು ಅಧ್ಯಾಯಗಳಲ್ಲಿ ಒಂಬತ್ತು ಗುಂಡಿನ ಸದ್ದಿಗೇ ಮುಗಿಯುತ್ತವೆ. ಆರು ಗುಂಡಿನ ರಿವಾಲ್ವರ್, ನಡುವೆ ಒಮ್ಮೆಯೂ ತುಂಬಿಲ್ಲ! ಮೂರು ಗುಂಡು ಉಳಿಸಿಕೊಳ್ಳಿ. ಮಿಕ್ಕ ಕಡೆ, ಪ್ರಶ್ನೆಗೆ ಉತ್ತರ ಬರುವ ಸಾಲಿನ ಹಿಂದಿನ ಸಾಲಿಗೇ ಅಧ್ಯಾಯ ಕಡಿಯಿರಿ. ಐದನೆಯದರಲ್ಲಿ ‘ಬಾಗಿಲಲ್ಲಿ ನಿಂತವನು ಸತ್ತವನ ಅಂಗಿ ತೊಟ್ಟಿದ್ದ’ ಎಂದು ನಿಲ್ಲಿಸಿದ್ದೀರಲ್ಲ, ಹಾಗೆ.

ತಿದ್ದಿದ ಮೇಲೆ ಪೂರ್ತಿ ಕಳಿಸಬೇಡಿ. ತಾರಿ ದಾಟುವ ಅಧ್ಯಾಯ ಮೊದಲು ಕಳಿಸಿ, ಎರಡು ಸಾವಿರ ಪದ ಮೀರದಂತೆ.