ಕೆಲಸದ ಮಾತು: ಸುದ್ದಿ ಕೊನೆಗೆ ಯಾರಿಗೆ ತಿಳಿಯುತ್ತದೆ?

ಈ ಸಲ ಪತ್ರಗಳ ಕಟ್ಟು ಬಿಚ್ಚಿದರೆ ಮುಕ್ಕಾಲು ಪಾಲು ತುಮಕೂರು ಕಡೆಯವೇ. ಆಶ್ಚರ್ಯವೇನಿಲ್ಲ. ಬೆಂಗಳೂರಿಗೆ 70 ಕಿಲೋಮೀಟರ್ ಅನ್ನೋದು ಒಂಥರಾ ತ್ರಿಶಂಕು ದೂರ. ದಿನಾ ಹೋಗಿಬರಲು ಜಾಸ್ತಿ, ಮನೆ ಬದಲಾಯಿಸಲು ಕಡಿಮೆ.

ಪ್ರಶ್ನೆ: ಸರ್, ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ತಂಡದಲ್ಲಿ 11 ಜನ. ನಾಲ್ವರು ತುಮಕೂರು, ಗುಬ್ಬಿ, ಶಿರಾದವರು, ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಅಂತ ಮೇಲಿನಿಂದ ಆದೇಶ ಬಂದಿದೆ. ಇಬ್ಬರು ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾರೆ. ಬಂದವರೂ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ತಂಡದಲ್ಲಿ ಮೊದಲಿನ ಕಳೆ ಇಲ್ಲ. ಮೇಲಿನವರ ಮಾತು ಕೇಳಲೋ, ತಂಡದ ಮಾತು ಕೇಳಲೋ?
– ಹೆಸರು ಬೇಡ, ಎಸ್.ಎಸ್. ಪುರಂ, ತುಮಕೂರು

ಉತ್ತರ: ಎರಡೂ ಕಡೆ ಕೇಳಬೇಕಾದ ಕುರ್ಚಿ ಅದು. ಅದಕ್ಕೇ ನಿಮಗೆ ಸಂಬಳ ಒಂದಿಷ್ಟು ಜಾಸ್ತಿ ಅಂದುಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಹೆಡ್‌ಫೋನ್. ಗುಬ್ಬಿಯ ಹುಡುಗ ಕತ್ತಲಿರುವಾಗಲೇ ಎದ್ದು, ಟಿಫನ್ ಡಬ್ಬಿ ಕಟ್ಟಿಸಿಕೊಂಡು, ರೈಲಿನಲ್ಲಿ ಯಶವಂತಪುರದವರೆಗೂ ನಿಂತುಕೊಂಡೇ ಬಂದು, ಅಲ್ಲಿಂದ ಮತ್ತೆ ಮೆಟ್ರೋನೋ ಬಸ್ಸೋ ಹಿಡಿದು, ಕೊನೆಗೆ ಆಫೀಸಿನಲ್ಲಿ ಕೂತು ಮಾಡೋದೇನು? ಅದೇ ವಿಡಿಯೋ ಕಾಲ್. ಅದೂ ಪಕ್ಕದ ಸಾಲಿನಲ್ಲಿ ಕೂತವನ ಜೊತೆ! ಅವನಿಗೆ ಸಿಟ್ಟು ಬರದೇ ಇದ್ದಿದ್ದರೆ ನಾನು ಅವನ ಆರೋಗ್ಯ ವಿಚಾರಿಸುತ್ತಿದ್ದೆ.

ಮನೆಯಲ್ಲಿ ಕೂತರೆ ಕೆಲಸ ಹಾಳು ಅನ್ನುವ ಮೇಲಿನವರಿಗೆ ಒಂದು ವಿಷಯ ತಿಳಿಸಿ. ಚೀನಾದ ಟ್ರಿಪ್.ಕಾಮ್ ಎಂಬ ಟಿಕೆಟ್ ಬುಕಿಂಗ್ ಕಂಪನಿ 2021-22ರಲ್ಲಿ 1,612 ನೌಕರರ ಮೇಲೆ ಆರು ತಿಂಗಳು ಇದನ್ನೇ ಪರೀಕ್ಷೆ ಮಾಡಿತು. ಹುಟ್ಟಿದ ತಾರೀಖು ಬೆಸವೋ ಸಮವೋ ನೋಡಿ ಗುಂಪು ಮಾಡಿದರು. ಒಂದು ಗುಂಪಿಗೆ ಬುಧವಾರ, ಶುಕ್ರವಾರ ಮನೆಯಿಂದ ಕೆಲಸ. ಇನ್ನೊಂದಕ್ಕೆ ಐದೂ ದಿನ ಆಫೀಸು. ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಗುಂಪಿನಲ್ಲಿ ಕೆಲಸ ಬಿಡುವವರು ಮೂರನೇ ಒಂದು ಪಾಲು ಕಡಿಮೆಯಾಗಿದ್ದರು, ಅದರಲ್ಲೂ ಹೆಂಗಸರು ಮತ್ತು ದೂರದಿಂದ ಬರುವವರು. ಬಡ್ತಿಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಇಷ್ಟವಾದದ್ದು ಮ್ಯಾನೇಜರ್‌ಗಳ ಕಥೆ. ಶುರುವಾಗುವ ಮೊದಲು ಕೆಲಸ ಕುಸಿಯುತ್ತೆ ಅಂದಿದ್ದವರು, ಮುಗಿದ ಮೇಲೆ ಸ್ವಲ್ಪ ಜಾಸ್ತಿಯೇ ಆಗುತ್ತೆ ಅಂದರು.

ಅಷ್ಟಾದರೂ ಮೂರು ದಿನ ಬನ್ನಿ ಅಂದರೆ, ಸರಿ, ಬನ್ನಿ. ಆದರೆ 11 ಜನರೂ ಅದೇ ಮೂರು ದಿನ ಬನ್ನಿ. ಆ ದಿನ ತಂಡದೊಳಗೆ ವಿಡಿಯೋ ಕಾಲ್ ಬಂದ್. ಮುಖ ನೋಡಿಯೇ ಆಗಬೇಕಾದ ಕೆಲಸ ಏನಿದೆಯೋ ಅದನ್ನೆಲ್ಲ ಅಲ್ಲಿಗೆ ತಳ್ಳಿ: ಹೊಸ ವಿನ್ಯಾಸದ ಚರ್ಚೆ, ಹೊಸಬರಿಗೆ ಕಲಿಸೋದು, ಮೂರು ವಾರದಿಂದ ಇಬ್ಬರ ನಡುವೆ ಮುಗಿಯದ ಜಗಳ. ಹೆಡ್‌ಫೋನ್ ಹಾಕಿಕೊಂಡು ಮಾಡುವ ಕೆಲಸ ಶಿರಾದಲ್ಲೇ ಆಗಲಿ.

ಆದರೂ ಅಸಲಿ ರೋಗ ಬೇರೆ ಕಡೆ ಇದೆ ಅಂತ ನನ್ನ ಗುಮಾನಿ. ಬೆಂಗಳೂರಿನ ಏಳು ಜನ ನಾಲ್ಕು ಗಂಟೆಗೆ ಟೀ ಕುಡಿಯಲು ಇಳಿಯುತ್ತಾರೆ, ಅಲ್ವಾ? ಅಲ್ಲಿ ಬೈಟು ಟೀ ಮುಗಿಯೋದರೊಳಗೆ ಒಂದು ತೀರ್ಮಾನ ಆಗಿಬಿಡುತ್ತದೆ. ಯಾರದ್ದೂ ಕೆಟ್ಟ ಉದ್ದೇಶ ಅಲ್ಲ. ಸುಮ್ನೆ ಮಾತಿಗೆ ಮಾತು ಬಂದು ಆಗಿದ್ದು. ಶಿರಾದವನಿಗೆ ಅದು ಗೊತ್ತಾಗೋದು ಗುರುವಾರ, ಎರಡು ದಿನ ಕೂತು ಹಳೇ ಲೆಕ್ಕದಲ್ಲೇ ಕೆಲಸ ಮುಗಿಸಿದ ಮೇಲೆ. ಅವನು ರಾಜೀನಾಮೆ ಪತ್ರದಲ್ಲಿ "ಪ್ರಯಾಣ ಕಷ್ಟ" ಅಂತ ಬರೆಯುತ್ತಾನೆ, ಯಾಕೆಂದರೆ "ನನಗೆ ಯಾರೂ ಏನೂ ಹೇಳಲ್ಲ" ಅಂತ ಬರೆಯಲು ನಾಚಿಕೆ. ಮೈಕ್ರೋಸಾಫ್ಟ್ ತನ್ನ ಅಮೆರಿಕದ 61,000 ನೌಕರರ 2020ರ ಮೊದಲರ್ಧದ ಸಂಪರ್ಕಗಳನ್ನು ಅಳೆದು ನೋಡಿದಾಗ ಕಂಡದ್ದೂ ಹೀಗೇ. ಎಲ್ಲರೂ ಮನೆ ಸೇರಿದ ಮೇಲೆ ಹತ್ತಿರದವರ ಜೊತೆಗಿನ ಮಾತು ಗಟ್ಟಿಯಾಗಿ ಉಳಿಯಿತು, ಗುಂಪು ಗುಂಪುಗಳ ನಡುವಿನ ದಾರಿಗಳು ತೆಳುವಾದವು.

ನೀವು ಮಾಡಬೇಕಾದ್ದು ಸಣ್ಣ ಕೆಲಸ. ತಂಡಕ್ಕೆ ಒಂದು ಪುಟ ಇಡಿ, ಏನು ತೀರ್ಮಾನ, ಯಾಕೆ, ಯಾವತ್ತಿನಿಂದ ಅಂತ ಎರಡು ಸಾಲು. ಟೀ ಅಂಗಡಿಯಲ್ಲಿ ಆದದ್ದು ಆ ಪುಟಕ್ಕೆ ಬರುವವರೆಗೂ ತೀರ್ಮಾನವೇ ಅಲ್ಲ. ಮೊದಲ ಎರಡು ವಾರ ನೀವೇ ಬರೆಯಿರಿ. ನೀವು ಮರೆತ ದಿನ ಗುಬ್ಬಿಯವನು ನಗುತ್ತಲೇ ನೆನಪಿಸಿದ ಅಂದರೆ ಪುಟ ಊರಿಕೊಂಡಿತು ಅಂತ ಲೆಕ್ಕ.

ಪ್ರಶ್ನೆ: ವಸಂತನರಸಾಪುರದಲ್ಲಿ ನನ್ನದು ಯಂತ್ರದ ಬಿಡಿಭಾಗಗಳ ಕಾರ್ಖಾನೆ. 60 ಜನ ಇದ್ದಾರೆ. ಲೆಕ್ಕಪತ್ರ ಮತ್ತು ಡ್ರಾಯಿಂಗ್ ನೋಡುವ ಆರು ಜನಕ್ಕೆ ಶನಿವಾರ ಮನೆಯಿಂದ ಕೆಲಸ ಮಾಡಿ ಅಂದೆ. ಈಗ ಮಷಿನ್ ನಡೆಸುವವರ ಫ್ಲೋರ್‌ನಲ್ಲಿ "ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ" ಅಂತ ಗುಸುಗುಸು. ಲೇತ್ ಮಷಿನ್ ಮನೆಗೆ ಕೊಟ್ಟು ಕಳಿಸಲೇ?
– ಮಾಲೀಕರು, ತುಮಕೂರು

ಉತ್ತರ: ಲೇತ್ ಬೇಡ ಸ್ವಾಮಿ, ಮನೆಯವರು ಒಪ್ಪಲ್ಲ.

ನಿಮ್ಮ ಕೋಪ ಅರ್ಥವಾಗುತ್ತದೆ. ಆದರೆ ಒಂದು ಪ್ರಶ್ನೆ. ಶನಿವಾರದ ವಿಷಯ ಫ್ಲೋರ್‌ನವರಿಗೆ ಹೇಳಿದ್ದು ಯಾರು? ನೀವಾ, ಅಥವಾ ಶನಿವಾರ ಬೆಳಗ್ಗೆ ಮೇಲಿನ ಮಹಡಿಯ ಖಾಲಿ ಕುರ್ಚಿಗಳಾ?

ನಾನು ಇದೇ ತಪ್ಪು ಮಾಡಿದವನು. ವರ್ಷಗಳ ಹಿಂದೆ ಒಂದು ಕಾರ್ಖಾನೆಯಲ್ಲಿ ಉತ್ಪಾದನೆ ನೋಡಿಕೊಳ್ಳುತ್ತಿದ್ದೆ. ಆರು ಗಂಟೆಯ ಶಿಫ್ಟನ್ನು ಐದೂವರೆಗೆ ತಂದೆ. ಶುಕ್ರವಾರ ಸಂಜೆ ನೋಟಿಸ್ ಬೋರ್ಡಿಗೆ ಹಾಳೆ ಅಂಟಿಸಿ, ನನ್ನ ಪಾಡಿಗೆ ಮನೆಗೆ ಹೋದೆ. ತಿಂಡಿ ಹೊತ್ತು ಬದಲಾಗಬೇಕಲ್ಲ ಅಂತ ಕ್ಯಾಂಟೀನಿನವನಿಗೆ ಮಾತ್ರ ಬುಧವಾರವೇ ಹೇಳಿದ್ದೆ. ಸೋಮವಾರ 14 ಜನ ತಡ. ಅವರೂರಿನಿಂದ ಅಷ್ಟು ಬೇಗ ಬಸ್ಸೇ ಇರಲಿಲ್ಲ. ಅರ್ಧ ದಿನ ಲೈನ್ ನಿಂತಿತು. ಒಬ್ಬ ಹಳೇ ಫಿಟ್ಟರ್ ಬಂದು ಮೆಲ್ಲಗೆ ಹೇಳಿದ: "ಸೌಟು ಹಿಡಿದೋನಿಗೆ ಮೊದ್ಲೇ ಗೊತ್ತಿತ್ತು ಸಾರ್, ಸ್ಪ್ಯಾನರ್ ಹಿಡಿದೋನಿಗೆ ಗೊತ್ತಿರ್ಲಿಲ್ಲ." ಬೇರೆ ಏನೂ ಅನ್ನಲಿಲ್ಲ. ಇವತ್ತಿಗೂ ಅದು ಕಿವಿಯಲ್ಲಿದೆ.

ನಿಮ್ಮ ಆಫೀಸು ಮೇಲೆ, ಫ್ಲೋರ್ ಕೆಳಗೆ. ಒಂದೇ ಕಟ್ಟಡ ಅಂದುಕೊಂಡಿದ್ದೀರಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲೇ ಎಂಜಿನಿಯರ್‌ಗಳ ಕುರ್ಚಿಗಳ ನಡುವಿನ ದೂರವನ್ನು ಅವರ ಮಾತುಕತೆಯ ಜೊತೆ ಹೋಲಿಸಿ ನೋಡಿದ್ದರು. ದೂರ ಸ್ವಲ್ಪ ಬೆಳೆದರೆ ಸಾಕು, ಮಾತು ದಡದಡ ಇಳಿಯುತ್ತದೆ. 50 ಮೀಟರ್ ಆಚೆ ಕೂತವನು ಬೇರೆ ಊರಿನಲ್ಲಿದ್ದ ಹಾಗೇ. ಅಂದರೆ ಮನೆಯಿಂದ ಕೆಲಸ ಅನ್ನೋ ಮಾತು ಹುಟ್ಟುವ ಮೊದಲೇ ನಿಮ್ಮ ಎರಡು ಮಹಡಿಗಳ ನಡುವೆ 70 ಕಿಲೋಮೀಟರ್ ಇತ್ತು.

ಫ್ಲೋರ್‌ನವರಿಗೆ ಶನಿವಾರ ಮನೆಯಿಂದ ಕೆಲಸ ಕೊಡಲಾಗದು. ಅದು ಅವರಿಗೂ ಗೊತ್ತು, ಅವರೇನು ಚಿಕ್ಕ ಮಕ್ಕಳಲ್ಲ. ಅವರು ಕೇಳುತ್ತಿರುವುದು ತಮ್ಮ ಹೊತ್ತಿನ ಮೇಲೆ ತಮಗೂ ಒಂಚೂರು ಹಿಡಿತ. ಶಿಫ್ಟ್ ಪಟ್ಟಿ ವಾರದ ಹಿಂದಿನ ದಿನದ ಬದಲು ತಿಂಗಳ ಮೊದಲೇ ಕೈಗೆ ಸಿಕ್ಕರೆ ಮಗಳ ಸ್ಕೂಲ್ ಮೀಟಿಂಗಿಗೆ ಹೋಗುವವನು ಲೆಕ್ಕ ಹಾಕಿಕೊಳ್ಳುತ್ತಾನೆ. ಇಬ್ಬರು ತಮ್ಮೊಳಗೇ ಶಿಫ್ಟ್ ಅದಲುಬದಲು ಮಾಡಿಕೊಂಡರೆ ಸೂಪರ್‌ವೈಸರ್ ಪುಸ್ತಕದಲ್ಲಿ ಸಹಿ ಸಾಕು ಅನ್ನಿ. ತಿಂಗಳಿಗೆ ಎರಡು ಸಲ ಎರಡು ಗಂಟೆ ಪರ್ಮಿಷನ್, ಯಾಕೆ ಏನು ಅಂತ ಕೇಳದೆ. ಇವು ನನ್ನ ಊಹೆ ಅಷ್ಟೇ. ಅವರನ್ನು ಕೇಳಿದರೆ ನಿಮಗೆ ಇನ್ನೂ ಕಡಿಮೆ ಖರ್ಚಿನದ್ದು ಸಿಗಬಹುದು. ಶಿಫ್ಟ್ ಬದಲಾಗುವ ಎರಡು ಗಂಟೆಗೆ, ಎರಡೂ ಪಾಳಿಯವರು ಇರುವಾಗ, ನೀವೇ ಕೆಳಗಿಳಿದು ಹೋಗಿ ಹೇಳಿ. ಹತ್ತು ನಿಮಿಷ. ಮೈಕ್ ಬೇಡ.

ಪ್ರಶ್ನೆ: ಮೀಟಿಂಗಿನಲ್ಲಿ ಎಲ್ಲರೂ ಕ್ಯಾಮೆರಾ ಆನ್ ಮಾಡಲೇಬೇಕು ಅಂತ ನಿಯಮ ತರಬಹುದಾ?
– ಓದುಗರು, ಕ್ಯಾತ್ಸಂದ್ರ

ಉತ್ತರ: ತರಬಹುದು. ಎಂಟು ಸುಸ್ತಾದ ಮುಖ ಕಾಣುತ್ತದೆ, ಒಂದು ಫ್ಯಾನು ಕಾಣುತ್ತದೆ. ಹೊಸಬರು ಸೇರಿದ ದಿನ, ಕಷ್ಟದ ಸುದ್ದಿ ಹೇಳುವ ದಿನ ಆನ್ ಮಾಡಿ ಅನ್ನಿ. ಉಳಿದ ದಿನ ಅವರವರ ಇಷ್ಟಕ್ಕೆ ಬಿಡಿ. (ಕ್ಯಾತ್ಸಂದ್ರದಲ್ಲಿದ್ದುಕೊಂಡು ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್ ಇಟ್ಟರೆ ತಟ್ಟೆ ಇಡ್ಲಿಗೆ ಅನ್ಯಾಯ, ಅದನ್ನೂ ಯೋಚಿಸಿ.)

ಪ್ರಶ್ನೆ: ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ತಿಪಟೂರಿನ ಮನೆಯಿಂದಲೇ ಕೆಲಸ. ತಂಡದವರನ್ನು ಎರಡೇ ಸಲ ನೋಡಿದ್ದೇನೆ. ಗೊತ್ತಿಲ್ಲದ್ದು ಕೇಳಿದರೆ "ಇಷ್ಟೂ ಗೊತ್ತಿಲ್ವಾ" ಅಂದುಕೊಳ್ಳುತ್ತಾರೆ ಅಂತ ಭಯ. ಒಂದು ತಪ್ಪು ಮಾಡಿ ಮುಚ್ಚಿಟ್ಟಿದ್ದೇನೆ.
– ಹೆಸರು ಬೇಡ

ಉತ್ತರ: ಆ ತಪ್ಪನ್ನು ಇವತ್ತೇ ಹೇಳಿಬಿಡಪ್ಪ. ಫೋನ್ ಮಾಡಿ ಹೇಳು, ಮೆಸೇಜಿನಲ್ಲಿ ಬೇಡ. ಮುಚ್ಚಿಟ್ಟ ತಪ್ಪು ಬಡ್ಡಿ ಸಾಲದ ಹಾಗೆ.

ಉಳಿದದ್ದು ನಿನ್ನ ಲೀಡ್ ಓದಲಿ ಅಂತ ಬರೆಯುತ್ತಿದ್ದೇನೆ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡದಲ್ಲಿ ಔಷಧಿ ಕೊಡುವಾಗಿನ ತಪ್ಪು ಕಡಿಮೆ ಇರುತ್ತದೆ ಅಂತ ಅಂದುಕೊಂಡು ಹೋದರೆ ಲೆಕ್ಕ ತಿರುಗಾಮುರುಗಾ ಬಂತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ! ಆಮೇಲೆ ಹೊಳೆಯಿತು, ಅವರು ತಪ್ಪು ಜಾಸ್ತಿ ಮಾಡುತ್ತಿರಲಿಲ್ಲ, ಬಾಯಿ ಬಿಟ್ಟು ಹೇಳುತ್ತಿದ್ದರು. ಆಫೀಸಿನಲ್ಲಿ ಹೊಸಬನ ಮುಖ ಸಪ್ಪಗಿದ್ದರೆ ಪಕ್ಕದವನು "ಏನಯ್ಯಾ?" ಅನ್ನುತ್ತಾನೆ. ತಿಪಟೂರಿನ ಮನೆಯಲ್ಲಿ ಮುಖ ಸಪ್ಪಗಿದ್ದರೆ ಅಮ್ಮ ಕಾಫಿ ಕೊಡುತ್ತಾಳೆ, ಕೋಡ್ ಸರಿಯಾಗಲ್ಲ. ಅದಕ್ಕೇ ದೂರದಲ್ಲಿರುವ ಹೊಸಬನಿಗೆ ಲೀಡೇ ಫೋನ್ ಮಾಡಬೇಕು. "ಎಲ್ಲಾ ಓಕೆನಾ" ಅಂದರೆ "ಓಕೆ ಸರ್" ಅಂತಲೇ ಬರುತ್ತದೆ. "ಈ ವಾರ ಎಲ್ಲಿ ಸಿಕ್ಕಿಹಾಕಿಕೊಂಡೆ?" ಅಂತ ಕೇಳಿ ನೋಡಿ, ಮೊದಲು ತಾವು ಸಿಕ್ಕಿಹಾಕಿಕೊಂಡದ್ದನ್ನು ಹೇಳಿ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ ಲೆಜರ್ ಬಿಟ್ಟು ಕಂಪ್ಯೂಟರಿಗೆ ಬಂದಿದ್ದೇವೆ. 28 ವರ್ಷದಿಂದ ಇರುವ ಗುಮಾಸ್ತರು ಒಪ್ಪುತ್ತಲೇ ಇಲ್ಲ. ಕದ್ದು ಲೆಜರ್ ಬರೆಯುತ್ತಾರೆ. ಏನು ಮಾಡಲಿ?
– ಕಾರ್ಯದರ್ಶಿ, ಕುಣಿಗಲ್ ತಾಲ್ಲೂಕು

ಉತ್ತರ: ಕದ್ದು ಬರೆಯುತ್ತಾರೆ ಅಂದರೆ ಕೆಲಸದ ಮೇಲೆ ಎಷ್ಟು ಪ್ರೀತಿ ನೋಡಿ!

ಅವರು ಹಟ ಮಾಡುತ್ತಿರುವುದು ಕೀಬೋರ್ಡಿನ ಮೇಲಲ್ಲ ಅಂತ ನನಗನ್ನಿಸುತ್ತದೆ. ಮೊನ್ನೆವರೆಗೂ ಯಾರ ಸಾಲ ಯಾವ ಪುಟದಲ್ಲಿದೆ, ಯಾರಪ್ಪ ಜಾಮೀನು ಹಾಕಿದ್ದ, ಯಾವ ವರ್ಷ ರಾಗಿ ಕೈಕೊಟ್ಟು ಗಡುವು ಮುಂದೂಡಿದ್ದು, ಎಲ್ಲಕ್ಕೂ ಜನ ಅವರ ಮೇಜಿಗೆ ಬರುತ್ತಿದ್ದರು. ಈಗ 23 ವರ್ಷದ ಹುಡುಗಿಯ ಮೇಜಿಗೆ ಹೋಗುತ್ತಾರೆ. ಆ ಜಾಗ ಹೋಯಿತಲ್ಲ ಅನ್ನೋದು ಸಂಕಟ. ತಿಂಗಳ ಕೊನೆಗೆ ಕಂಪ್ಯೂಟರಿನ ಲೆಕ್ಕವನ್ನು ಅವರ ಲೆಜರಿನ ಜೊತೆ ಅವರಿಂದಲೇ ತಾಳೆ ನೋಡಿಸಿ. ಹೊಸ ವ್ಯವಸ್ಥೆಗೆ ಹಳೇ ಬಾಕಿ ತುಂಬುವಾಗ ತಪ್ಪು ಆಗಿಯೇ ಆಗಿರುತ್ತದೆ, ಹಿಡಿಯಲು ಅವರಿಗಿಂತ ಒಳ್ಳೆಯವರು ಸಿಗಲ್ಲ. ಎಷ್ಟು ತಿಂಗಳು ಎರಡೂ ನಡೆಯುತ್ತದೆ, ಯಾವ ತಾರೀಖಿಗೆ ಲೆಜರ್ ಕಪಾಟು ಸೇರುತ್ತದೆ ಅನ್ನೋದನ್ನು ಅವರ ಎದುರೇ ಗೊತ್ತು ಮಾಡಿ. ಆ ತಾರೀಖು ಬೇರೆ ಯಾರಿಗೂ ತಿಳಿಯುವ ಮೊದಲು ಅವರಿಗೆ ತಿಳಿದಿರಲಿ.

ಪ್ರಶ್ನೆ: ಹೆರಿಗೆ ರಜೆ ಮುಗಿಯುತ್ತಿದೆ. ಮನೆಯಿಂದ ಕೆಲಸ ಕೊಡಿ ಅಂತ ಕೇಳಲು ಹಕ್ಕಿದೆಯಾ?
– ಹೆಸರು ಬೇಡ, ಗುಬ್ಬಿ

ಉತ್ತರ: ಕೇಳಬಹುದಮ್ಮ. ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದ 2017ರ ಕಾನೂನು ತಿದ್ದುಪಡಿಯಲ್ಲೇ ಇದೂ ಬಂತು. ಕೆಲಸದ ಸ್ವಭಾವ ಹೊಂದಿದರೆ, ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲು ಬಿಡಬಹುದು, ಎಷ್ಟು ದಿನ, ಯಾವ ಷರತ್ತು ಅನ್ನೋದನ್ನು ಇಬ್ಬರೂ ಕೂತು ಒಪ್ಪಿಕೊಳ್ಳಬೇಕು. "ಬಿಡಬಹುದು" ಅಂತಿದೆ, "ಬಿಡಲೇಬೇಕು" ಅಂತಿಲ್ಲ, ನೆನಪಿರಲಿ. 50 ಅಥವಾ ಹೆಚ್ಚು ಜನ ಇದ್ದರೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಮಾತ್ರ ಕಡ್ಡಾಯ. ಒಪ್ಪಿದ್ದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ, ಮ್ಯಾನೇಜರ್ ಬದಲಾಗುತ್ತಾರೆ.

ಪ್ರಶ್ನೆ: ಆಫೀಸಿನಲ್ಲಿ ಆಯುಧ ಪೂಜೆ ಇದೆ. ಮನೆಯಿಂದ ಕೆಲಸ ಮಾಡುವ ಐದು ಜನರನ್ನು ವಿಡಿಯೋ ಕಾಲ್‌ನಲ್ಲಿ ಸೇರಿಸಿಕೊಂಡರೆ ಸಾಕಾ?
– ಓದುಗರು, ತುಮಕೂರು

ಉತ್ತರ: ನೀವು ಸ್ವೀಟ್ ಬಾಕ್ಸ್ ಬಿಚ್ಚೋದನ್ನು ಅವರು ಸ್ಕ್ರೀನಿನಲ್ಲಿ ನೋಡಬೇಕಾ? ಹಿಂದಿನ ದಿನವೇ ಕಡ್ಲೆಪುರಿ, ಸ್ವೀಟು, ಬಾಳೆಹಣ್ಣು ಕಟ್ಟಿ ಆಯಾ ಕಡೆಯ ಬಸ್ಸಿಗೆ ಹಾಕಿ ಕಳಿಸಿ. ಬಾಳೆಹಣ್ಣು ಮೇಲೆ ಇಡಿ.