ಕಟ್ಟಡಗಳೆಲ್ಲ ಒಂದೇ ತರ ಆಗಿದ್ದಕ್ಕೆ ಪ್ರೀಫ್ಯಾಬ್ ಕಾರಣವಾ?

ಪ್ರೀಫ್ಯಾಬ್, ಅಂದರೆ ಕಟ್ಟಡದ ಭಾಗಗಳನ್ನು ಕಾರ್ಖಾನೆಯಲ್ಲಿ ಮಾಡಿ ತಂದು ಜೋಡಿಸುವ ಪದ್ಧತಿ, ಬಂದ ಮೇಲೇ ಕಟ್ಟಡಗಳು ಬೋಳುಬೋಳಾಗಿ, ಒಂದೇ ತರ ಆದವಾ ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಸಣ್ಣಪುಟ್ಟ ಕಟ್ಟಡ ಕೆಲಸ ಮಾಡಿಸುವವನು. ನನಗೆ ಹಾಗನ್ನಿಸುವುದಿಲ್ಲ.

ನಮ್ಮ ಅರಮನೆಯ ಕಲ್ಯಾಣ ಮಂಟಪವನ್ನೇ ನೋಡಿ. ಅಲ್ಲಿನ ಕಬ್ಬಿಣದ ಕಂಬಗಳನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದು ಇಲ್ಲಿಗೆ ತಂದು ನಿಲ್ಲಿಸಿದರು. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ಕ್ಕೆ ಮುಗಿಯಿತು. ದಸರಾಕ್ಕೆ ಬಂದವರು ಆ ನವಿಲಿನ ಗಾಜಿನ ಸೂರನ್ನು ಕತ್ತೆತ್ತಿ ನೋಡುತ್ತಾ ನಿಂತುಬಿಡುತ್ತಾರೆ. ಅದನ್ನು ಹೊತ್ತ ಕಂಬ ಕಾರ್ಖಾನೆ ಮಾಲು ಅಂತ ಯಾರಿಗೂ ಹೊಳೆಯುವುದಿಲ್ಲ. ಅಚ್ಚಿನಲ್ಲಿ ಹೂಬಳ್ಳಿ ಇದ್ದರೆ ಕಂಬದಲ್ಲೂ ಹೂಬಳ್ಳಿ ಬರುತ್ತದೆ, ಅಷ್ಟೇ.

ಕಾರ್ಖಾನೆ ನಿಜವಾಗಿ ಬದಲಿಸಿದ್ದು ಅಳತೆಯನ್ನು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಒಂದು ದೊಡ್ಡ ಪ್ರದರ್ಶನಕ್ಕೆಂದು ಜೋಸೆಫ್ ಪ್ಯಾಕ್ಸ್‌ಟನ್ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ಗಾಜಿನ ಭವನ ಕಟ್ಟಿದ. ಆತ ಮೂಲತಃ ತೋಟಗಾರ, ಗಿಡ ಬೆಳೆಸುವ ಗಾಜಿನ ಮನೆ ಕಟ್ಟಿ ಪಳಗಿದವನು. ಸುಮಾರು 3 ಲಕ್ಷ ಗಾಜಿನ ಹಾಳೆ, ಎಲ್ಲಾ ಒಂದೇ ಅಳತೆ: 10 ಇಂಚು ಅಗಲ, 49 ಇಂಚು ಉದ್ದ. ಕಂಬ, ತೊಲೆಗಳ ಲೆಕ್ಕವೂ ಆ ಗಾಜಿಗೆ ಹೊಂದಿಕೊಂಡೇ ಬಂತು. ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ಬೇರೆ ಕಡೆ ಮತ್ತೆ ಕಟ್ಟಿದರು!

ಬೋಳುತನ ಬಂದದ್ದು ಆಮೇಲೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಮನೆಗಳಿಗೆ ಬರ ಬಂತು. ಬೌಹೌಸ್ ಅನ್ನುವ ವಿನ್ಯಾಸ ಶಾಲೆಯ ವಾಲ್ಟರ್ ಗ್ರೋಪಿಯಸ್ 1926ರಿಂದ 1928ರವರೆಗೆ ಡೆಸ್ಸೌ ಊರಿನ ಟೋರ್ಟೆನ್‌ನಲ್ಲಿ 314 ಮನೆ ಕಟ್ಟಿಸಿದರು. ತೊಲೆಗಳನ್ನು ಸೈಟಿನಲ್ಲೇ ಸಾಲಾಗಿ ಹೊಯ್ದು ಕ್ರೇನಿನಿಂದ ಎತ್ತಿಟ್ಟರು. ಅಲಂಕಾರ ಬಿಟ್ಟಿದ್ದು ಖರ್ಚು ಉಳಿಸಲೂ ಹೌದು, ಅಲಂಕಾರ ಬೇಡ ಅನ್ನುವ ಅವರ ನಂಬಿಕೆಯಿಂದಲೂ ಹೌದು.

ಈ ಪದ್ಧತಿಯ ಅಸಲಿ ಕಷ್ಟ ನೋಟದ್ದಲ್ಲ, ಜಾಯಿಂಟಿನದು. 1968ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್ ಅನ್ನುವ 22 ಅಂತಸ್ತಿನ ಕಟ್ಟಡದಲ್ಲಿ, 18ನೇ ಮಹಡಿಯ ಒಂದು ಮನೆಯಲ್ಲಿ ಗ್ಯಾಸ್ ಸಿಡಿಯಿತು. ಭಾರ ಹೊತ್ತ ಗೋಡೆಯ ಪ್ಯಾನೆಲ್ (ಮೊದಲೇ ಹೊಯ್ದು ತಂದು ಜೋಡಿಸಿದ ಕಾಂಕ್ರೀಟ್ ಹಲಗೆ) ಆಚೆ ತಳ್ಳಿಕೊಂಡು ಹೋಯಿತು. ಆ ಮೂಲೆ ಪೂರ್ತಿ ಮೇಲಿಂದ ಕೆಳಗೆ ಕುಸಿದು 4 ಜನ ಸತ್ತರು. ಪ್ಯಾನೆಲ್ಲುಗಳು ಗಟ್ಟಿಯಾಗೇ ಇದ್ದವು, ಒಂದಕ್ಕೊಂದು ಸರಿಯಾಗಿ ಕಟ್ಟಿಕೊಂಡಿರಲಿಲ್ಲ. ಮೇಸ್ತ್ರಿಗಳು ಕಂಬ ನೆಟ್ಟು ನಡುವೆ ಸ್ಲ್ಯಾಬ್ ಇಳಿಸುವ ರೆಡಿಮೇಡ್ ಕಾಂಪೌಂಡ್ ಸುಮ್ನೆ ನಿಲ್ಲಿಸಿಬಿಡೋಣ ಅಂದಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಮಂಡ್ಯ ಕಡೆ ನಾಲೆ ನೀರಿನ ಗದ್ದೆ ಪಕ್ಕ ಕಂಬದ ಬುಡ ಸರಿಯಾಗಿ ಹೂಳದಿದ್ದರೆ, ಸ್ಲ್ಯಾಬ್ ಎಷ್ಟು ಚೆನ್ನಾಗಿದ್ದರೇನು?

ನಮ್ಮಲ್ಲಿ ಈ ಪ್ರೀಫ್ಯಾಬ್ ಜಾಸ್ತಿ ಕಾಣುವುದು ಹೂಟಗಳ್ಳಿ, ನಂಜನಗೂಡಿನ ಕಾರ್ಖಾನೆ ಶೆಡ್ಡುಗಳಲ್ಲಿ. ಬೋಲ್ಟ್ ಹಾಕಿ ಬಿಗಿದರೆ ಮುಗೀತು. ಮನೆಗೆ ಬರುವುದು ಕಷ್ಟ. 30-40 ಸೈಟು, ಬೀದಿಯೊಳಗೆ ಕ್ರೇನ್ ತಿರುಗಲ್ಲ, ಒಂದೇ ಮನೆಗೆ ಅಚ್ಚು ಮಾಡಿಸಿದರೆ ಖರ್ಚು ಹುಟ್ಟಲ್ಲ.

ಈಗ ಹೇಳಿ, ಮೈಸೂರಿನ ವಿಜಯನಗರ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಎಷ್ಟು ಮನೆಗಳ ಎಲಿವೇಶನ್ (ಮುಂಭಾಗದ ನೋಟ) ಒಂದೇ ತರ ಇದೆ ಅಲ್ವಾ? ಸೆಂಟ್ರಿಂಗ್ ಹೊಡೆದು, ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು, ಕೈಯಲ್ಲೇ ಕಟ್ಟಿದ ಮನೆಗಳು ಅವು. ಮಾಲೀಕರು ಫೋನಿನಲ್ಲಿ ಪಕ್ಕದ ಬೀದಿ ಮನೆಯ ಫೋಟೋ ತೋರಿಸಿ "ಸಾರ್, ಇದೇ ತರ ಮಾಡಿಕೊಡಿ" ಅಂತಾರೆ.