ದೇಹದಾನ ಮಾಡಿದ ಕ್ರೈಸ್ತರಿಗೆ ಪುನರುತ್ಥಾನ ಇಲ್ಲವೇ?

ನಿಮ್ಮ ಮನೆಯ ಪರಿಸ್ಥಿತಿ ನನಗೆ ಅರ್ಥವಾದದ್ದು ಹೀಗೆ. ತೀರ್ಥಹಳ್ಳಿ ಕಡೆಯ ಕ್ಯಾಥೊಲಿಕ್ ಕುಟುಂಬ. ಅಪ್ಪ ತಮ್ಮ ದೇಹವನ್ನು ಶಿವಮೊಗ್ಗದ ಮೆಡಿಕಲ್ ಕಾಲೇಜಿಗೆ ಬರೆದುಕೊಡುತ್ತೇನೆ ಎಂದು ಹಟ ಹಿಡಿದಿದ್ದಾರೆ. ದೊಡ್ಡಪ್ಪ, ಮಣ್ಣಿಗೆ ಹೋಗದ ದೇಹ ಕೊನೆಯ ದಿನ ಏಳುವುದಿಲ್ಲ, ಬಲಿಪೂಜೆಯೂ (ಚರ್ಚಿನಲ್ಲಿ ಗುರುಗಳು ಮಾಡುವ ಪೂಜೆ, ಮಾಸ್) ಸಿಗುವುದಿಲ್ಲ ಅನ್ನುತ್ತಾರೆ. ಇಬ್ಬರ ಜಗಳ ಬಿಡಿಸಲು ಬಂದ ಅಣ್ಣ, ಎರಡೂ ಬೇಡ, ಸುಟ್ಟು ಬೂದಿಯನ್ನು ತುಂಗೆಗೆ ಬಿಡೋಣ ಅಂದಿದ್ದಾರೆ. ಅಮ್ಮ ಬಾಯಿ ಬಿಡುತ್ತಿಲ್ಲ. ಇದರಲ್ಲಿ ಯಾವುದು ಪಾಪ ಎಂದು ಕೇಳಿದ್ದೀರಿ.

ತಮಾಷೆಯೆಂದರೆ, ಈ ಮೂರರಲ್ಲಿ ಕ್ಯಾಥೊಲಿಕ್ ಚರ್ಚು ಬೇಡ ಅನ್ನುವುದು ರಾಜಿಗೆ ಬಂದ ಅಣ್ಣನ ಮಾತಿಗೆ. ಅದೂ ಸುಡುವುದಕ್ಕಲ್ಲ, ತುಂಗೆಗೆ ಬಿಡುವುದಕ್ಕೆ.

ನಾನು ಧರ್ಮಗುರುವಲ್ಲ. ಮೆಡಿಕಲ್ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವವಳು, ಭಾನುವಾರ ಚರ್ಚಿನ ಗಾಯನ ತಂಡದಲ್ಲಿ ಹಾಡುವವಳು. ಹಾಗಾಗಿ ಈ ಪ್ರಶ್ನೆ ನನಗೆ ಎರಡೂ ಕಡೆಯಿಂದ ಬರುತ್ತಲೇ ಇರುತ್ತದೆ.

ದೊಡ್ಡಪ್ಪನ ಮಾತನ್ನು ಮೂಢನಂಬಿಕೆ ಎಂದು ತಳ್ಳಿಬಿಡಬೇಡಿ. ಅದಕ್ಕೆ ಬಹಳ ಹಳೆಯ ಬೇರಿದೆ. ಹೆಂಡತಿ ಸಾರಾಳನ್ನು ಹೂಳಲು ಅಬ್ರಹಾಮ ಮಕ್ಪೇಲದ ಗವಿಯನ್ನು 400 ಶೆಕೆಲ್ ಬೆಳ್ಳಿ ಕೊಟ್ಟು ಕೊಂಡ ಕಥೆ ಬೈಬಲಿನ ಆದಿಕಾಂಡದಲ್ಲಿದೆ. ಯೇಸುವನ್ನೂ ಬಟ್ಟೆಯಲ್ಲಿ ಸುತ್ತಿ ಸಮಾಧಿಯಲ್ಲೇ ಇಟ್ಟರು. ಕ್ರಿ.ಶ. 177ರಲ್ಲಿ ಇಂದಿನ ಫ್ರಾನ್ಸಿನ ಲಿಯೋನಿನಲ್ಲಿ ಕ್ರೈಸ್ತರನ್ನು ಕೊಂದವರು ಆ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಎಸೆದರು. ಇವರು ಇನ್ನು ಹೇಗೆ ಎದ್ದು ಬರುತ್ತಾರೋ ನೋಡೋಣ ಎಂಬ ಹಂಗಿಸುವಿಕೆ ಅದರಲ್ಲಿತ್ತು. ಅಂಥ ನೆನಪುಗಳಿರುವ ಸಮುದಾಯಕ್ಕೆ ಬೆಂಕಿಯ ಬಗ್ಗೆ ಅಳುಕು ಉಳಿದದ್ದು ಸಹಜ.

ಆದರೆ ಲಿಯೋನಿನ ಆ ಹುತಾತ್ಮರಿಗೆ ಪುನರುತ್ಥಾನ ತಪ್ಪಿತು ಎಂದು ಚರ್ಚು ಯಾವತ್ತೂ ಹೇಳಲಿಲ್ಲ. ಸಮುದ್ರವೂ ತನ್ನಲ್ಲಿದ್ದ ಸತ್ತವರನ್ನು ಒಪ್ಪಿಸಿತು ಎಂದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥ ಹೇಳುತ್ತದೆ. ಸತ್ತವರು ಎಂಥ ದೇಹದಲ್ಲಿ ಬರುತ್ತಾರೆ ಎಂದು ಕೊರಿಂಥದವರು ಕೇಳಿದಾಗ ಪೌಲ ಕೊಟ್ಟ ಉತ್ತರ ಬೀಜದ್ದು: ಬಿತ್ತಿದ್ದು ಒಂದು, ಮೇಲೆ ಬರುವುದು ಇನ್ನೊಂದು. ದೊಡ್ಡಪ್ಪ ಇಷ್ಟಕ್ಕೂ ಬಗ್ಗದಿದ್ದರೆ ಗೋವಾದ ಸಂತ ಫ್ರಾನ್ಸಿಸ್ ಕ್ಸೇವಿಯರರನ್ನು ನೆನಪಿಸಿ. ಹತ್ತು ವರ್ಷಕ್ಕೊಮ್ಮೆ ಆ ದೇಹದ ದರ್ಶನಕ್ಕೆ ನಮ್ಮ ಕಡೆಯಿಂದಲೂ ಬಸ್ಸು ಮಾಡಿಕೊಂಡು ಹೋಗುತ್ತಾರಲ್ಲ, 2024ರ ಕೊನೆಯಲ್ಲೂ ಹೋದರಲ್ಲ. ಆ ಸಂತರ ಬಲಗೈಯ ಭಾಗ 1614ರಿಂದ ರೋಮ್‌ನ ಚರ್ಚೊಂದರಲ್ಲಿದೆ. ಪೂರ್ತಿ ದೇಹ ಒಂದೇ ಕಡೆ ಇರಲೇಬೇಕು ಅನ್ನುವುದಾದರೆ ಮೊದಲ ತೊಂದರೆ ಸಂತರಿಗೇ.

ಸುಡುವುದರ ವಿಚಾರ. 1886ರಲ್ಲಿ ರೋಮ್ ಅದನ್ನು ನಿಷೇಧಿಸಿತು, 1917ರ ಚರ್ಚ್ ಕಾನೂನಿನಲ್ಲೂ ಆ ನಿಷೇಧ ಬಂತು. ಆ ಕಾಲದ ಇಟಲಿಯಲ್ಲಿ ಚರ್ಚಿನ ವಿರೋಧಿಗಳು, ಮುಖ್ಯವಾಗಿ ಫ್ರೀಮೇಸನ್ನರು (ಒಂದು ಗುಪ್ತ ಸಂಘದವರು), ಪುನರುತ್ಥಾನದ ನಂಬಿಕೆಗೆ ಸಡ್ಡು ಹೊಡೆಯಲೆಂದೇ ದಹನವನ್ನು ಪ್ರಚಾರ ಮಾಡುತ್ತಿದ್ದರು. ಅಂದರೆ ತಕರಾರು ಬೆಂಕಿಗಿಂತ ಉದ್ದೇಶದ ಮೇಲೆ. 1963ರಲ್ಲಿ ನಿಷೇಧ ತೆಗೆದರು. 1983ರ ಕಾನೂನು ಹೂಳುವುದನ್ನೇ ಮನಸಾರೆ ಶಿಫಾರಸು ಮಾಡುತ್ತದೆ, ಆದರೆ ನಂಬಿಕೆಗೆ ವಿರುದ್ಧವಾದ ಕಾರಣಕ್ಕೆ ಆರಿಸಿಕೊಂಡಿದ್ದಲ್ಲದಿದ್ದರೆ ದಹನವನ್ನು ತಡೆಯುವುದಿಲ್ಲ.

ಬೂದಿಯ ವಿಷಯದಲ್ಲಿ ಮಾತ್ರ ಬಿಗಿ ಇದೆ. 2016ರ ವ್ಯಾಟಿಕನ್ ಸೂಚನೆಯ ಪ್ರಕಾರ ಅದನ್ನು ಗಾಳಿಗೆ, ನೀರಿಗೆ ಬಿಡುವಂತಿಲ್ಲ, ಮನೆಮಂದಿ ಹಂಚಿಕೊಳ್ಳುವಂತಿಲ್ಲ, ಲಾಕೆಟ್ ಮಾಡಿಸಿಕೊಳ್ಳುವಂತಿಲ್ಲ. ಸಿಮಿಟ್ರಿಯಂಥ (ಕ್ರೈಸ್ತರ ಸ್ಮಶಾನ) ಪವಿತ್ರ ಸ್ಥಳದಲ್ಲೇ ಇಡಬೇಕು. 2023ರ ಡಿಸೆಂಬರಿನಲ್ಲಿ ಸ್ವಲ್ಪ ಸಡಿಲಿಸಿ, ಒಂದು ಸಣ್ಣ ಅಂಶವನ್ನು ಮೃತರ ಬದುಕಿನಲ್ಲಿ ಮಹತ್ವವಿದ್ದ ಜಾಗದಲ್ಲಿ ಇಡಲು ಅವಕಾಶ ಇರಬಹುದು ಎಂದರು. ಕಾರಣ ಸರಳ. ಸತ್ತವರಿಗೆ ಒಂದು ಜಾಗ, ಒಂದು ಹೆಸರು ಇರಬೇಕು. ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಮನೆಯವರಷ್ಟೇ ಅಲ್ಲ, ಊರಿನ ಯಾರು ಬೇಕಾದರೂ ಬಂದು ಮೇಣದಬತ್ತಿ ಹಚ್ಚುವಂತಿರಬೇಕು. ಕೇರಳದ ಶಾಸಕ ಪಿ.ಟಿ. ಥಾಮಸ್ 2021ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಕಣ್ಣು ದಾನ ಮಾಡಿ, ಕೊಚ್ಚಿಯ ಚಿತಾಗಾರದಲ್ಲಿ ದಹನ ಮಾಡಿ, ಬೂದಿಯನ್ನು ಇಡುಕ್ಕಿ ಜಿಲ್ಲೆಯ ಉಪ್ಪುತೋಡಿನಲ್ಲಿ ಅವರ ತಾಯಿಯ ಸಮಾಧಿಯೊಳಗೆ ಇಟ್ಟರು. ಅಣ್ಣನಿಗೆ ದಹನವೇ ಬೇಕಿದ್ದರೆ ಈ ದಾರಿ ಇದೆ. ತುಂಗೆ ನಮ್ಮೆಲ್ಲರ ನದಿ ಹೌದು, ನೆರೆಮನೆಯವರ ಅಸ್ಥಿ ವಿಸರ್ಜನೆಗೆ ನಾವೂ ಹೋಗಿ ನಿಂತಿದ್ದೇವೆ. ಆದರೂ ಆ ಕ್ರಮ ನಮ್ಮದಲ್ಲ. ಹೂಳುವುದೇನು ಪರದೇಶದ ರೂಢಿ ಎಂದು ಅಣ್ಣ ಅಂದುಕೊಂಡಿದ್ದರೆ, ಲಿಂಗಾಯತರ ಕ್ರಿಯಾಸಮಾಧಿಯನ್ನು ಮರೆತಿದ್ದಾರೆ ಅಷ್ಟೆ.

ಇನ್ನೊಂದು, ಮಲೆನಾಡಿನವರಿಗೆ ಮಾತ್ರ ಅರ್ಥವಾಗುವ ಕಾರಣ: ಮಳೆ. ನನ್ನ ಸೋದರಮಾವ ಹೋದದ್ದು ಆಷಾಢದಲ್ಲಿ. ಗುಂಡಿ ತೋಡಿದಷ್ಟೂ ನೀರು ಒಸರುತ್ತಿತ್ತು, ಪ್ರಾರ್ಥನೆ ಮುಗಿಯುವವರೆಗೂ ಇಬ್ಬರು ಬಕೆಟ್ಟಿನಲ್ಲಿ ಎತ್ತಿ ಹಾಕುತ್ತಲೇ ಇದ್ದರು. ಅತ್ತೆ ಅದನ್ನು ಇವತ್ತಿಗೂ ಮರೆತಿಲ್ಲ. 2020ರ ಜುಲೈನಲ್ಲಿ, ಕೋವಿಡ್ ಹೊತ್ತಿನಲ್ಲಿ, ಕೇರಳದ ಆಲಪ್ಪುಳದ ಲ್ಯಾಟಿನ್ ಕ್ಯಾಥೊಲಿಕ್ ಧರ್ಮಪ್ರಾಂತ್ಯ (ಡಯಾಸಿಸ್) ಸಿಮಿಟ್ರಿಯಲ್ಲೇ ದಹನಕ್ಕೆ ಒಪ್ಪಿ ಬೂದಿಯನ್ನು ಅಲ್ಲೇ ಹೂಳಿಸಿದ್ದರ ಹಿಂದೆಯೂ ಇದೇ ಕಾರಣ ಇತ್ತು: ಅಲ್ಲಿ ಸ್ವಲ್ಪ ಅಗೆದರೆ ನೀರು.

ಈಗ ಅಪ್ಪನ ಆಸೆಗೆ ಬರೋಣ. ಶವಚ್ಛೇದವನ್ನು ಚರ್ಚು ನಿಷೇಧಿಸಿತ್ತು ಎಂಬ ಮಾತಿಗೆ ಸಾಮಾನ್ಯವಾಗಿ 1299ರ ಪೋಪ್ ಎಂಟನೇ ಬೊನಿಫಾಸರ ಆಜ್ಞೆಯನ್ನು ತೋರಿಸುತ್ತಾರೆ. ಅದು ನಿಷೇಧಿಸಿದ್ದು ಬೇರೆಯದನ್ನು. ದೂರದೇಶದಲ್ಲಿ ಸತ್ತ ಶ್ರೀಮಂತರ ದೇಹವನ್ನು ಕತ್ತರಿಸಿ, ಕುದಿಸಿ, ಮೂಳೆ ಬೇರ್ಪಡಿಸಿ ಊರಿಗೆ ಸಾಗಿಸುವ ಪದ್ಧತಿ ಆಗ ಇತ್ತು. ಆಮೇಲೆ ಇಪ್ಪತ್ತು ವರ್ಷವೂ ಕಳೆಯುವ ಮೊದಲೇ ಇಟಲಿಯ ಬೊಲೋನ್ಯದಲ್ಲಿ ಮೊಂಡಿನೊ ಎಂಬ ವೈದ್ಯ ವಿದ್ಯಾರ್ಥಿಗಳ ಮುಂದೆ ಶವಚ್ಛೇದ ಮಾಡುತ್ತಿದ್ದ. ಇಂದಿನ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ವೈಜ್ಞಾನಿಕ ಸಂಶೋಧನೆಗಾಗಿ ಶವಪರೀಕ್ಷೆ ಮಾಡಬಹುದು ಎನ್ನುತ್ತದೆ, ಸತ್ತ ಮೇಲೆ ಅಂಗಗಳನ್ನು ಉಚಿತವಾಗಿ ಕೊಡುವುದನ್ನು ಪುಣ್ಯದ ಕೆಲಸಕ್ಕೆ ಸೇರಿಸುತ್ತದೆ. ದೇಹಕ್ಕೆ ಗೌರವ ಇರಬೇಕು ಎಂಬುದೇ ಷರತ್ತು.

ನಮ್ಮಲ್ಲಿ ಆ ಗೌರವ ಇದೆಯೇ ಎಂದು ಕೇಳುತ್ತೀರಿ. ತೊಡೆಯ ರಕ್ತನಾಳದ ಮೂಲಕ ಫಾರ್ಮಲಿನ್ ಬೆರೆತ ದ್ರವ ಹಾಯಿಸಿ ದೇಹವನ್ನು ಕೆಡದಂತೆ ಮಾಡುತ್ತೇವೆ. (ನಮ್ಮೂರಿನ ಮಳೆಗಾಲದಲ್ಲಿ ಅದರ ಮೇಲೂ ಬೂಸು ಬರದಂತೆ ಕಾಯುವುದು ದೊಡ್ಡ ಪಾಡು.) ಶವವೇ ನಿಮ್ಮ ಮೊದಲ ಗುರು ಎಂಬ ಪಾಠ ಈಗ ಎಂಬಿಬಿಎಸ್ ಪಠ್ಯಕ್ರಮದಲ್ಲೇ ಇದೆ. ಹದಿನೆಂಟರ ಹುಡುಗರು, ಒಮ್ಮೊಮ್ಮೆ ಪಿಸುಪಿಸು ನಗುತ್ತಾರೆ, ಸುಳ್ಳು ಹೇಳುವುದಿಲ್ಲ. ಇದು ದಾನವಾಗಿ ಬಂದ ದೇಹ ಎಂದು ತಿಳಿದ ದಿನ ಮಾತ್ರ ಶವಚ್ಛೇದದ ಕೋಣೆಯ ಗದ್ದಲ ತಾನಾಗಿ ಇಳಿಯುತ್ತದೆ.

ನನ್ನ ಪ್ರಕಾರ ಒಬ್ಬ ಕ್ರೈಸ್ತ ಕಾಲೇಜನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಪಾಠ ಮುಗಿದ ಮೇಲೆ ಉಳಿದದ್ದನ್ನು ಏನು ಮಾಡುತ್ತೀರಿ? ಸಾಮಾನ್ಯವಾಗಿ ಅದನ್ನು ಮನೆಗೆ ಮರಳಿಸುವುದಿಲ್ಲ, ಕಾಲೇಜೇ ವಿಲೇವಾರಿ ಮಾಡುತ್ತದೆ, ಮತ್ತು ಅದು ಒಂದೆರಡು ವರ್ಷದ ನಂತರದ ಮಾತು. ಬೂದಿಗೇ ಇಷ್ಟು ಕಾಳಜಿ ಮಾಡುವ ಚರ್ಚಿಗೆ ಇದು ಸಣ್ಣ ವಿಷಯವಲ್ಲ. ಸ್ವಲ್ಪ ಮೂಳೆಯನ್ನಾಗಲಿ ಬೂದಿಯನ್ನಾಗಲಿ ಹಿಂದಕ್ಕೆ ಕೊಡುವಿರಾ ಎಂದು ನೋಂದಣಿಗೆ ಮೊದಲೇ ವಿಭಾಗದ ಮುಖ್ಯಸ್ಥರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಲ್ಲ ಎಂದರೂ ದಾನ ಪಾಪವಾಗುವುದಿಲ್ಲ. ಕುಟುಂಬದ ಸಮಾಧಿಯ ಕಲ್ಲಿನ ಮೇಲೆ ಅಪ್ಪನ ಹೆಸರು ಕೆತ್ತಿಸಲು ಯಾರ ಅಡ್ಡಿಯೂ ಇರಲಾರದು.

ಪೂಜೆ ಸಿಗುವುದಿಲ್ಲ ಎಂಬ ಹೆದರಿಕೆ ಬಿಡಿ. ದೇಹವನ್ನು ಚರ್ಚಿಗೆ ತಂದು ಬಲಿಪೂಜೆ ಮುಗಿಸಿ, ಸಿಮಿಟ್ರಿಗೆ ಹೋಗುವ ಬದಲು ಶಿವಮೊಗ್ಗದ ಗಾಡಿ ಹತ್ತಿಸಬಹುದು. ಆದರೆ ತಡ ಮಾಡುವಂತಿಲ್ಲ. ಮುಂಬೈ, ದುಬೈಯಿಂದ ಎಲ್ಲರೂ ಬರಲಿ ಎಂದು ಮನೆಯಲ್ಲೇ ಕಾಯುತ್ತ ಕೂತರೆ ದೇಹ ನಮಗೆ ಕೆಲಸಕ್ಕೆ ಬಾರದೆ ಹೋಗುತ್ತದೆ.

ಕೊಟ್ಟ ದೇಹವನ್ನೆಲ್ಲ ಕಾಲೇಜು ತೆಗೆದುಕೊಳ್ಳುವುದೂ ಇಲ್ಲ. ಅಪಘಾತ, ಮರಣೋತ್ತರ ಪರೀಕ್ಷೆ ಆದದ್ದು, ಎಚ್‌ಐವಿ ಅಥವಾ ಹೆಪಟೈಟಿಸ್ ಇದ್ದದ್ದು, ಕೊಳೆಯಲು ಶುರುವಾದದ್ದು ಬೇಡವೆನ್ನುತ್ತಾರೆ. ಕಣ್ಣು ಕೊಟ್ಟಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಅದನ್ನು ಆರು ಗಂಟೆಯೊಳಗೆ ತೆಗೆಯಬೇಕು. ಮೂತ್ರಪಿಂಡ, ಯಕೃತ್ತಿನ ದಾನ ಬೇರೆಯೇ ದಾರಿ. ಅದಕ್ಕೆ ಆಸ್ಪತ್ರೆಯ ಐಸಿಯುನಲ್ಲಿ ಮೆದುಳು ಸತ್ತಿದೆ ಎಂದು ಘೋಷಣೆಯಾಗಬೇಕು, ಮನೆಯ ಮಂಚದ ಮೇಲೆ ಪ್ರಾಣ ಬಿಟ್ಟವರಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ದಾನದ ಫಾರಂ ತುಂಬಿದ ಮಾತ್ರಕ್ಕೆ ಸಿಮಿಟ್ರಿಯ ಜಾಗ ಬಿಟ್ಟುಕೊಡಬೇಡಿ, ವಂತಿಗೆಯನ್ನೂ ನಿಲ್ಲಿಸಬೇಡಿ.

ಅಮ್ಮ ಕೇರಳ ಮೂಲದ ಸೈರೋ ಮಲಬಾರ್ ಚರ್ಚಿನವರಾದರೆ ಅವರೂ ಕ್ಯಾಥೊಲಿಕರೇ, ಮೇಲಿನ ಮಾತೆಲ್ಲ ಅನ್ವಯಿಸುತ್ತದೆ. ಎನ್.ಆರ್. ಪುರ ಕಡೆಯ ಯಾಕೋಬಾಯ ಅಥವಾ ಆರ್ಥೊಡಾಕ್ಸ್ (ಪೋಪರ ಅಧೀನದಲ್ಲಿಲ್ಲದ ಸಿರಿಯನ್ ಚರ್ಚುಗಳು) ನೆಂಟರಿದ್ದರೆ ಅವರಲ್ಲಿ ಹೂಳುವುದೇ ಸಂಪ್ರದಾಯ, ಅವರಿಗೆ ಮುಜುಗರ ಹೆಚ್ಚು. ಪ್ರೊಟೆಸ್ಟಂಟರಲ್ಲಿ ಹೆಚ್ಚಿನವರು ಇದನ್ನು ಮನೆಯವರ ವಿವೇಚನೆಗೆ ಬಿಡುತ್ತಾರೆ.

ನಿಜವಾದ ತೊಡಕು ಅಮ್ಮನ ಮೌನದಲ್ಲಿದೆ ಅನಿಸುತ್ತದೆ. ಅಪ್ಪ ಎಷ್ಟೇ ಸಹಿ ಹಾಕಿರಲಿ, ಆ ದಿನ ದೇಹವನ್ನು ಒಪ್ಪಿಸಬೇಕಾದವರು ನೀವು. ಕೇರಳದ ಕಮ್ಯುನಿಸ್ಟ್ ನಾಯಕ ಎಂ.ಎಂ. ಲಾರೆನ್ಸ್ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಒಬ್ಬ ಮಗಳು ಚರ್ಚಿನಲ್ಲಿ ಹೂಳಬೇಕೆಂದರು, ಮಗ ಮೆಡಿಕಲ್ ಕಾಲೇಜಿಗೆ ಕೊಡಬೇಕೆಂದರು. ಜಗಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ಜನವರಿಯಲ್ಲಿ ಮಗಳ ಅರ್ಜಿ ವಜಾ ಆಯಿತು. ಅಷ್ಟು ತಿಂಗಳೂ ದೇಹ ಶವಾಗಾರದಲ್ಲಿತ್ತು. ನಾವಂತೂ ಮನೆಯೊಳಗೆ ಜಗಳ ಇದೆ ಎಂದು ಗೊತ್ತಾದರೆ ದೇಹ ತೆಗೆದುಕೊಳ್ಳಲು ಹಿಂದೆ ಸರಿಯುತ್ತೇವೆ.

ಅಪ್ಪನನ್ನೂ ಅಮ್ಮನನ್ನೂ ಒಟ್ಟಿಗೆ ಕೂರಿಸಿ, ಫಾರಂ ತುಂಬುವ ಮುಂಚೆ ಫಾದರ್ ಹತ್ತಿರ ಕರೆದುಕೊಂಡು ಹೋಗಿ. ದೊಡ್ಡಪ್ಪನನ್ನೂ ಬಿಡಬೇಡಿ. ಸಾಕ್ಷಿಯ ಜಾಗದಲ್ಲಿ ಅಮ್ಮ ಸಹಿ ಹಾಕಲು ಒಪ್ಪಿದರೆ ಒಂದು ಪ್ರತಿಯನ್ನು ಧರ್ಮಕೇಂದ್ರದ (ನಿಮ್ಮ ಚರ್ಚಿನ) ಕಚೇರಿಗೂ ಕೊಟ್ಟಿಡಿ. ಒಪ್ಪದಿದ್ದರೆ ಅಪ್ಪನಿಗೆ ಕಣ್ಣು ದಾನದಲ್ಲೇ ತೃಪ್ತಿಪಟ್ಟುಕೊಳ್ಳಲು ಹೇಳಿ. ಅದಕ್ಕೆ ಬೇಡ ಅನ್ನುವ ಅಮ್ಮಂದಿರನ್ನು ನಾನು ನೋಡಿದ್ದು ಕಡಿಮೆ.